ಮಾತ್ರೆಗೆ ಬೀಗ ಬೇಡ, ಮಾತು ಬೇಕು

ಗರ್ಭನಿರೋಧಕ ಮಾತ್ರೆ ಕೊಳ್ಳೋದಕ್ಕೆ ಡಾಕ್ಟರ ಚೀಟಿ ಬೇಕಾ, ಬೇಡವಾ? ಅಮೆರಿಕದ ರಾಜ್ಯಗಳಲ್ಲಿ ಇದಕ್ಕೆಂದೇ ಕಾನೂನುಗಳು ಬಂದಿವೆ. ನಮ್ಮ ಕಾನೂನು ಏನು ಹೇಳುತ್ತೆ? ಅಂಗಡಿಯಲ್ಲಿ ನಡೆಯುವುದೇನು? ಗೃಹಿಣಿಯರು ತಿಳಿದಿರಬೇಕಾದ ಸಂಗತಿಗಳು ಇಲ್ಲಿವೆ.

ಮೆಡಿಕಲ್ ಶಾಪಿಗೆ ಹೋಗಿ ತಲೆನೋವಿನ ಮಾತ್ರೆ ಕೇಳುವಾಗ ನಮ್ಮ ದನಿ ಎಷ್ಟು ಜೋರಾಗಿರುತ್ತೆ! ಅದೇ ಗರ್ಭನಿರೋಧಕ ಮಾತ್ರೆ ಬೇಕಾದಾಗ ನೋಡಿ. ಅಂಗಡಿ ಮುಂದೆ ಪರಿಚಯದವರು ಯಾರಾದ್ರೂ ಇದ್ದಾರಾ ಅಂತ ಮೊದಲು ಕಣ್ಣಾಡಿಸ್ತೇವೆ. ಇದ್ದವರು ಹೋಗಲಿ ಅಂತ ಬೇಡದ ಮುಲಾಮಿನ ಡಬ್ಬಿಯನ್ನೇ ತಿರುಗಿಸಿ ಮುರುಗಿಸಿ ನೋಡ್ತೇವೆ. ಆಮೇಲೆ ಹೆಸರು ಬರೆದ ಚೀಟಿಯನ್ನು ಮೆಲ್ಲಗೆ ಮುಂದಕ್ಕೆ ತಳ್ಳುತ್ತೇವೆ. ಅಂಗಡಿಯವರೂ ಅಷ್ಟೇ. ಹಳೇ ಪೇಪರಿನಲ್ಲಿ ಸುತ್ತಿ, ಮುಖ ನೋಡದೆ ಚಿಲ್ಲರೆ ಕೊಟ್ಟುಬಿಡ್ತಾರೆ. ಇಡೀ ವ್ಯವಹಾರದಲ್ಲಿ ಒಂದು ಮಾತೂ ಇರುವುದಿಲ್ಲ.

ಈ ಮಾತ್ರೆಗಳಿಗೆ ಡಾಕ್ಟರ ಚೀಟಿ ಕಡ್ಡಾಯ ಮಾಡಬೇಕು ಅನ್ನುವ ಕೂಗು ಆಗಾಗ ಏಳುತ್ತೆ. 'ಸುಲಭವಾಗಿ ಸಿಗೋದರಿಂದಲೇ ಹಾಳಾಗ್ತಿದ್ದಾರೆ' ಅನ್ನುವವರು ಒಂದು ಕಡೆ. 'ಹೆಣ್ಣುಮಕ್ಕಳ ಹಕ್ಕು, ಯಾರೂ ತಡೆಯಬಾರದು' ಅನ್ನುವವರು ಇನ್ನೊಂದು ಕಡೆ. ಇಬ್ಬರ ಜಗಳದಲ್ಲಿ ನಮಗೆ ನಿಜವಾಗಿ ಬೇಕಾದ ಸಂಗತಿ ಕಳೆದುಹೋಗುತ್ತೆ. ಮಾತ್ರೆ ಕೊಡುವವರು ನಮ್ಮ ಹತ್ತಿರ ಎರಡು ಮಾತು ಕೇಳಬೇಕು, ಎರಡು ಮಾತು ಹೇಳಬೇಕು. ಅದು ಮಾತ್ರ ಎಲ್ಲೂ ನಡೀತಿಲ್ಲ.

ಕಾನೂನು ಏನು ಹೇಳುತ್ತೆ?

ನಮ್ಮ ದೇಶದಲ್ಲಿ ಔಷಧಿ ಮಾರಾಟ ನಡೆಯೋದು 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ ಹಾಗೂ 1945ರ ಔಷಧ ನಿಯಮಗಳ ಪ್ರಕಾರ. ಕಾಯ್ದೆ ಕೇಂದ್ರದ್ದು. ಅಂಗಡಿಗಳಿಗೆ ಲೈಸೆನ್ಸ್ ಕೊಡೋದು, ತಪಾಸಣೆ ಮಾಡೋದು ರಾಜ್ಯದ ಔಷಧ ನಿಯಂತ್ರಣದ ಅಧಿಕಾರಿಗಳು. ನಿಯಮಗಳ ಕೊನೆಯಲ್ಲಿ 'ಷೆಡ್ಯೂಲ್' ಎನ್ನುವ ಪಟ್ಟಿಗಳಿವೆ. 'ಷೆಡ್ಯೂಲ್ ಎಚ್' ಪಟ್ಟಿಯಲ್ಲಿರುವ ಔಷಧಿಯನ್ನು ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. 'ಷೆಡ್ಯೂಲ್ ಕೆ' ಅಂದರೆ ವಿನಾಯಿತಿಯ ಪಟ್ಟಿ.

ಹಾರ್ಮೋನಿನ ಮಾತ್ರೆಗಳು ಸಾಮಾನ್ಯವಾಗಿ ಮೊದಲ ಪಟ್ಟಿಗೆ ಸೇರುತ್ತವೆ. ಆದರೆ ಕುಟುಂಬ ಯೋಜನೆಗೆ ಬಳಸುವ ಕೆಲವು ಮಾತ್ರೆಗಳನ್ನು, ಅವುಗಳಲ್ಲಿರುವ ಔಷಧಿಯ ಪ್ರಮಾಣವನ್ನೂ ನಮೂದಿಸಿ, ವಿನಾಯಿತಿ ಪಟ್ಟಿಗೆ ಸೇರಿಸಿದ್ದಾರೆ. ಮಾಲಾ-ಡಿ ಮಾದರಿಯ ದಿನದ ಮಾತ್ರೆ ಹಾಗೆ ಬಂದದ್ದು. ಸಹೇಲಿ ಅನ್ನುವ ವಾರದ ಮಾತ್ರೆಯೂ ಅಷ್ಟೇ. ನಮ್ಮ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲೇ ಕಂಡುಹಿಡಿದ ಈ ಮಾತ್ರೆ 1991ರಲ್ಲಿ ಮಾರುಕಟ್ಟೆಗೆ ಬಂತು. ಅದರಲ್ಲಿ ಹಾರ್ಮೋನೇ ಇಲ್ಲ. ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ 'ಛಾಯಾ' ಎಂಬ ಹೆಸರಲ್ಲಿ ಕೊಡುವುದು ಇದನ್ನೇ. 72 ಗಂಟೆಯೊಳಗೆ ನುಂಗುವ ತುರ್ತು ಮಾತ್ರೆಗೆ 2005ರಲ್ಲಿ ಡಾಕ್ಟರ ಚೀಟಿಯಿಂದ ವಿನಾಯಿತಿ ಸಿಕ್ಕಿತು. ಎರಡು ವರ್ಷದ ಮೇಲೆ, 2007ರಲ್ಲಿ ಐ-ಪಿಲ್ ಬಂದಾಗ ಟಿವಿಯಲ್ಲಿ ಅದರ ಜಾಹೀರಾತು ಶುರುವಾದ ಕೂಡಲೇ ಹಜಾರದಲ್ಲಿ ಕೂತವರೆಲ್ಲ ರಿಮೋಟ್ ಹುಡುಕುತ್ತಿದ್ದದ್ದು ನೆನಪಿರಬಹುದು!

ಅಂದರೆ ಈ ವಿಷಯದಲ್ಲಿ ನಮ್ಮ ಕಾನೂನು ಸಾಕಷ್ಟು ಉದಾರವಾಗಿದೆ. ಎಷ್ಟೋ ಶ್ರೀಮಂತ ದೇಶಗಳಿಗಿಂತ ಮೊದಲೇ ಬಾಗಿಲು ತೆರೆದಿದೆ.

ಅಮೆರಿಕದವರು ಮಾಡಿದ್ದೇನು?

ಅಮೆರಿಕದಲ್ಲಿ ದಿನದ ಗರ್ಭನಿರೋಧಕ ಮಾತ್ರೆಗೆ ಮೊದಲಿಂದಲೂ ಡಾಕ್ಟರ ಚೀಟಿ ಬೇಕಿತ್ತು. ಅಲ್ಲಿ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗೋದು ಕಷ್ಟ, ಫೀಸೂ ಜಾಸ್ತಿ. ಇದನ್ನು ನೋಡಿ ಕೆಲವು ರಾಜ್ಯಗಳು ತಮ್ಮದೇ ಕಾನೂನು ಮಾಡಿದವು. ಕ್ಯಾಲಿಫೋರ್ನಿಯಾದಲ್ಲಿ 2013ರಲ್ಲಿ, ಆರಿಗನ್ ರಾಜ್ಯದಲ್ಲಿ 2015ರಲ್ಲಿ ಕಾನೂನು ಪಾಸಾಯಿತು. ಎರಡೂ ಕಡೆ 2016ರಿಂದ ಫಾರ್ಮಸಿಸ್ಟರೇ ಮಾತ್ರೆ ಬರೆದು ಕೊಡಲು ಶುರುಮಾಡಿದರು. ಇವತ್ತು ಅಲ್ಲಿನ ಅರ್ಧಕ್ಕೂ ಹೆಚ್ಚು ರಾಜ್ಯಗಳಲ್ಲಿ ಒಂದಲ್ಲ ಒಂದು ಬಗೆಯಲ್ಲಿ ಇಂಥ ವ್ಯವಸ್ಥೆ ಇದೆ.

ಗಮನಿಸಬೇಕಾದ ಅಂಶ ಮುಂದಿದೆ. ಅಲ್ಲಿ ಫಾರ್ಮಸಿಸ್ಟ್ ಸುಮ್ಮನೆ ಸ್ಟ್ರಿಪ್ ಎತ್ತಿ ಕೊಡುವಂತಿಲ್ಲ. ಮೊದಲು ತರಬೇತಿ ಪಡೆದಿರಬೇಕು. ಬಂದ ಹೆಣ್ಣುಮಗಳಿಗೆ ಒಂದು ಪ್ರಶ್ನಾವಳಿ ಕೊಡ್ತಾರೆ. ವಯಸ್ಸೆಷ್ಟು, ಸಿಗರೇಟು ಸೇದ್ತೀರಾ, ಇತ್ತೀಚೆಗೆ ಹೆರಿಗೆ ಆಗಿದೆಯಾ, ಎದೆಹಾಲು ಕುಡಿಸ್ತಿದ್ದೀರಾ, ಅರೆತಲೆನೋವು ಇದೆಯಾ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದುಂಟಾ, ಬೇರೆ ಯಾವ ಮಾತ್ರೆ ತಗೊಳ್ತಿದ್ದೀರಿ ಎಂಬ ಪ್ರಶ್ನೆಗಳು ಅದರಲ್ಲಿರುತ್ತವೆ. ಬಿ.ಪಿ. ನೋಡ್ತಾರೆ. ಎಲ್ಲ ಸರಿಯಿದ್ದರೆ ಮಾತ್ರೆ. ಸ್ವಲ್ಪ ಅನುಮಾನ ಬಂದರೂ ಡಾಕ್ಟರ ಹತ್ತಿರ ಕಳಿಸ್ತಾರೆ.

ಆಮೇಲೆ 2023ರ ಜುಲೈನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 'ಓಪಿಲ್' ಅನ್ನುವ ದಿನದ ಮಾತ್ರೆಯನ್ನು ಚೀಟಿಯೇ ಇಲ್ಲದೆ ಮಾರಲು ಒಪ್ಪಿಗೆ ಕೊಟ್ಟಿತು. 2024ರ ಮಾರ್ಚ್ ಹೊತ್ತಿಗೆ ಅದು ಅಂಗಡಿಗಳಿಗೆ ಬಂತು. ಅದರಲ್ಲಿ ಈಸ್ಟ್ರೋಜನ್ ಇಲ್ಲ, ಒಂದೇ ಬಗೆಯ ಹಾರ್ಮೋನು. ಹಾಗಾಗಿ ಬಿ.ಪಿ., ರಕ್ತ ಹೆಪ್ಪುಗಟ್ಟುವಿಕೆಯ ಭಯ ಕಡಿಮೆ. ನಮ್ಮ ಮಾಲಾ-ಡಿಯಲ್ಲಿ ಈಸ್ಟ್ರೋಜನ್ ಇದೆ. ಎರಡೂ ಒಂದೇ ಅಂದುಕೊಳ್ಳಬೇಡಿ.

ಅಲ್ಲಿ ಬೀಗ ಹಾಕಿದ್ದ ಬಾಗಿಲನ್ನು ಪ್ರಶ್ನೆ ಕೇಳಿ ತೆರೆದರು. ನಮ್ಮಲ್ಲಿ ಬಾಗಿಲು ತೆರೆದೇ ಇದೆ, ಪ್ರಶ್ನೆ ಕೇಳುವವರಿಲ್ಲ. ಈಗ ಕೆಲವರು ತೊಂದರೆ ಆಗ್ತಿದೆ ಅಂತ ಆ ಬಾಗಿಲಿಗೇ ಬೀಗ ಹಾಕೋಣ ಅಂತಿದ್ದಾರೆ.

ಬೀಗದ ಮಾತು ಬಂದದ್ದು ಹೇಗೆ?

2022ರ ಕೊನೆಯಲ್ಲಿ ಬೆಂಗಳೂರಿನ ಕೆಲವು ಶಾಲೆಗಳಲ್ಲಿ ಮಕ್ಕಳ ಬ್ಯಾಗ್ ತಪಾಸಣೆ ಮಾಡಿದಾಗ ಸಿಗರೇಟು, ಲೈಟರ್ ಜೊತೆಗೆ ಕಾಂಡೋಮ್, ಗರ್ಭನಿರೋಧಕ ಮಾತ್ರೆಗಳೂ ಸಿಕ್ಕವು ಅನ್ನುವ ಸುದ್ದಿ ಬಂತು. ತಾಯಂದಿರೆಲ್ಲ ಬೆಚ್ಚಿಬಿದ್ದೆವು. 2023ರ ಜನವರಿಯಲ್ಲಿ, 18 ವರ್ಷದೊಳಗಿನವರಿಗೆ ಇವನ್ನು ಮಾರಬಾರದು ಅಂತ ರಾಜ್ಯದ ಔಷಧ ನಿಯಂತ್ರಣ ಇಲಾಖೆ ಅಂಗಡಿಗಳಿಗೆ ಸೂಚಿಸಿದೆ ಎಂದು ವರದಿಯಾಯಿತು. ಟೀಕೆ ಜೋರಾಯ್ತು. ಆಗ ಇಲಾಖೆ, ಅಂಥ ನಿಷೇಧವೇನೂ ಇಲ್ಲ, ಚಿಕ್ಕ ವಯಸ್ಸಿನವರು ಕೇಳಿ ಬಂದರೆ ಫಾರ್ಮಸಿಸ್ಟರು ತಿಳಿವಳಿಕೆ ಹೇಳಲಿ ಎಂಬುದಷ್ಟೇ ಉದ್ದೇಶ ಎಂದು ಸ್ಪಷ್ಟನೆ ಕೊಟ್ಟಿತು.

2024ರಲ್ಲಿ ದೆಹಲಿಯಿಂದ ಇನ್ನೊಂದು ಸುದ್ದಿ. ತುರ್ತು ಮಾತ್ರೆಗೂ ಡಾಕ್ಟರ ಚೀಟಿ ಕಡ್ಡಾಯವಾಗಲಿದೆ ಅಂತ. ಮತ್ತೆ ಗದ್ದಲ, ಮತ್ತೆ ಸ್ಪಷ್ಟನೆ. ವಿನಾಯಿತಿ ಪಟ್ಟಿಯಲ್ಲಿದ್ದ ಮಾತ್ರೆಗಳ ವಿಷಯದಲ್ಲಿ ಬದಲಾವಣೆ ಆಗಲಿಲ್ಲ.

ಪಕ್ಕದ ತಮಿಳುನಾಡಿನದು ಇನ್ನೂ ವಿಚಿತ್ರ. ಅಲ್ಲಿ ತುರ್ತು ಮಾತ್ರೆಗೆ ಕಾನೂನಿನ ನಿಷೇಧವೇನಿಲ್ಲ. ಆದರೂ ಎಷ್ಟೋ ವರ್ಷಗಳಿಂದ ಚೆನ್ನೈನಂಥ ಮಹಾನಗರದ ಅಂಗಡಿಗಳಲ್ಲೇ ಅದು ಸಿಗೋದು ಕಷ್ಟ. ಅಧಿಕಾರಿಗಳ ಕಣ್ಣಿಗೆ ಯಾಕೆ ಬೀಳಬೇಕು ಅಂತ ಅಂಗಡಿಯವರು ತರಿಸುವುದನ್ನೇ ಬಿಟ್ಟರೆ ಸಾಕು, ಕಾಯ್ದೆ ಬದಲಾಗದೆಯೂ ಬಾಗಿಲು ಮುಚ್ಚುತ್ತೆ! ನಮ್ಮ ರಾಜ್ಯದಲ್ಲೂ ಪದೇ ಪದೇ ಇಂಥ ಸುದ್ದಿ ಹಬ್ಬಿದರೆ ಅಂಗಡಿಯವರು ಹಾಗೇ ಹೆದರಿಕೊಳ್ಳಬಹುದು.

ಮೂರು ದಿನದ ಲೆಕ್ಕ

ಬೆಂಗಳೂರಿನಲ್ಲಿರುವವರಿಗೆ ಚೀಟಿ ಕಡ್ಡಾಯವಾದರೂ ಹೇಗೋ ನಡೆಯುತ್ತೆ. ಫೋನಿನಲ್ಲೇ ಡಾಕ್ಟರು, ಫೋನಿನಲ್ಲೇ ಔಷಧಿ. ನಮ್ಮ ಕೆ.ಆರ್.ಪೇಟೆಯಂಥ ತಾಲ್ಲೂಕು ಕೇಂದ್ರದ ಲೆಕ್ಕ ಬೇರೆ.

ಶನಿವಾರ ರಾತ್ರಿ ಕಾಂಡೋಮ್ ಹರಿದುಹೋಯ್ತು ಅಂತಿಟ್ಟುಕೊಳ್ಳಿ. ಭಾನುವಾರ ಕ್ಲಿನಿಕ್ಕುಗಳಿಗೆ ರಜ. ಸೋಮವಾರ ಬೆಳಿಗ್ಗೆ ಮಕ್ಕಳನ್ನು ಶಾಲೆಗೆ ಕಳಿಸಿ, ಅತ್ತೆಗೆ ಏನೋ ಒಂದು ನೆಪ ಹೇಳಿ ಹೊರಡಬೇಕು. ಆಸ್ಪತ್ರೆಯ ಕ್ಯೂನಲ್ಲಿ ಕಿಕ್ಕೇರಿಯ ಸೋದರತ್ತೆಯೋ ಬೂಕನಕೆರೆಯ ಓರಗಿತ್ತಿಯೋ ಸಿಕ್ಕೇ ಸಿಕ್ತಾರೆ. 'ಏನಮ್ಮಾ, ಹುಷಾರಿಲ್ವಾ?' ಅಂತ ಕೇಳಿದರೆ ಹೇಳುವುದೇನು? ಬೇಡಪ್ಪಾ ಅಂತ ಮೈಸೂರಿಗೆ ಹೋಗೋಣ ಅಂದರೆ ಒಂದು ದಿನ ಪೂರ್ತಿ ಬೇಕು. ಶಕ್ತಿ ಯೋಜನೆಯಿಂದ 2023ರಿಂದ ಬಸ್ ಟಿಕೆಟ್ ಉಚಿತವಾಗಿದೆ ನಿಜ, ಆದರೆ ಮನೆ ಬಿಟ್ಟು ಹೋಗೋ ಸಮಯ ಉಚಿತವಾಗಿ ಸಿಗಲ್ಲವಲ್ಲ! ಇಷ್ಟರಲ್ಲಿ ಮಂಗಳವಾರ ರಾತ್ರಿಗೆ 72 ಗಂಟೆ ಮುಗಿದೇಹೋಯ್ತು. ಈ ಮಾತ್ರೆ ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು. ತಡವಾದಷ್ಟೂ ಪರಿಣಾಮ ಕಡಿಮೆ. ಅದಕ್ಕೇ ಚೀಟಿ ಕಡ್ಡಾಯ ಅನ್ನುವ ಕಾನೂನು ಬಂದರೆ ಸಣ್ಣ ಊರಿನ ಹೆಂಗಸರಿಗೆ ಅದು ಸಿಗುವುದೇ ಇಲ್ಲ ಅಂತ ಅರ್ಥ.

ಇನ್ನು ಹರೆಯದ ಹುಡುಗಿಯರ ಮಾತು. ನಮ್ಮ ಮಗಳು ತಪ್ಪು ದಾರಿ ಹಿಡಿಯಬಾರದು ಅನ್ನುವ ಕಾಳಜಿ ಯಾವ ತಾಯಿಗಿಲ್ಲ? ಆದರೆ ಅಂಗಡಿಯಲ್ಲಿ ಮಾತ್ರೆ ಸಿಗದಂತೆ ಮಾಡಿದರೆ ಅವಳು ದಾರಿಗೆ ಬರ್ತಾಳೆ ಅನ್ನೋದಕ್ಕೆ ಆಧಾರವೇನು? ಹೆದರಿದ ಹುಡುಗಿ ಸುಮ್ಮನಿದ್ದುಬಿಡ್ತಾಳೆ. ಮೂರು ತಿಂಗಳ ಮೇಲೆ ವಿಷಯ ಗೊತ್ತಾಗುತ್ತೆ. ಆಗ ಆಗುವ ಅನಾಹುತಕ್ಕಿಂತ, ಮನೆಯಲ್ಲಿ ಮೊದಲೇ ಅವಳ ಜೊತೆ ಕೂತು ಮಾತಾಡಿರುವುದು ಎಷ್ಟೋ ಮೇಲು ಅಲ್ವಾ?

ಮೂರು ಮಾತ್ರೆ, ಒಂದೇ ಹೆಸರು

ಹಾಗಂತ ಈಗಿರುವ ವ್ಯವಸ್ಥೆ ಚೆನ್ನಾಗಿದೆ ಅಂತ ಹೇಳ್ತಿಲ್ಲ. ಅಂಗಡಿಯ ಮೌನದಿಂದ ಆಗುತ್ತಿರುವ ಹಾನಿ ಸಣ್ಣದಲ್ಲ. ನಮ್ಮಲ್ಲಿ ಬಹಳ ಮಂದಿಗೆ ಇವೆಲ್ಲ 'ಮಕ್ಕಳಾಗದ ಮಾತ್ರೆ' ಅಷ್ಟೇ. ನಿಜವಾಗಿ ಇವು ಮೂರು ಬೇರೆ ಬೇರೆ ಬಗೆ.

ಒಂದು, ದಿನದ ಮಾತ್ರೆ. ಮಾಲಾ-ಡಿ, ಮಾಲಾ-ಎನ್ ಈ ಜಾತಿಯವು. 28 ಮಾತ್ರೆಯಲ್ಲಿ 21 ಹಾರ್ಮೋನಿನವು, ಏಳು ಕಬ್ಬಿಣದ ಅಂಶದವು. ದಿನಾ ಒಂದೇ ಹೊತ್ತಿಗೆ ತಗೊಂಡರೆ ಗರ್ಭ ನಿಲ್ಲದಂತೆ ನೋಡಿಕೊಳ್ಳುತ್ತೆ.

ಎರಡು, ತುರ್ತು ಮಾತ್ರೆ. ಐ-ಪಿಲ್, ಅನ್‌ವಾಂಟೆಡ್-72 ಇಂಥವು. ಅಂಡಾಣು ಬಿಡುಗಡೆಯಾಗುವುದನ್ನು ಮುಂದಕ್ಕೆ ಹಾಕಿ ಗರ್ಭ ಆಗದಂತೆ ತಡೆಯುತ್ತೆ. ಆಗಲೇ ಗರ್ಭ ನಿಂತಿದ್ದರೆ ಅದನ್ನು ತೆಗೆಯುವ ಶಕ್ತಿ ಇದಕ್ಕಿಲ್ಲ. ಇದು ಗರ್ಭಪಾತದ ಮಾತ್ರೆ ಅಲ್ಲವೇ ಅಲ್ಲ.

ಮೂರು, ಗರ್ಭಪಾತದ ಕಿಟ್. ಎರಡು ಬಗೆಯ ಐದು ಮಾತ್ರೆಗಳ ಪೊಟ್ಟಣ ಇದು. ಇದು ಷೆಡ್ಯೂಲ್ ಎಚ್‌ಗೆ ಸೇರಿದ್ದು. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯಡಿ ಅರ್ಹ ಡಾಕ್ಟರ ಮೇಲ್ವಿಚಾರಣೆಯಲ್ಲೇ, ಒಂಬತ್ತು ವಾರದೊಳಗೆ ಮಾತ್ರ ಬಳಸಬೇಕು.

ಮುಟ್ಟು ನಿಂತು ಒಂದೂವರೆ ತಿಂಗಳಾದ ಮೇಲೆ ತುರ್ತು ಮಾತ್ರೆ ನುಂಗಿ 'ಇನ್ನೇನೂ ಭಯವಿಲ್ಲ' ಅಂತ ಕೂತವರಿದ್ದಾರೆ. ದಿನದ ಮಾತ್ರೆ ರಗಳೆ ಅಂತ ತಿಂಗಳಿಗೆ ಮೂರು ನಾಲ್ಕು ಸಲ ತುರ್ತು ಮಾತ್ರೆ ನುಂಗಿ, ಮುಟ್ಟು ಏರುಪೇರಾಗಿ ಒದ್ದಾಡುವವರಿದ್ದಾರೆ. ಎಲ್ಲಕ್ಕಿಂತ ಅಪಾಯ, ಯಾರೋ ಹೇಳಿದರು ಅಂತ ಗರ್ಭಪಾತದ ಕಿಟ್ಟನ್ನು ಡಾಕ್ಟರಿಗೆ ತೋರಿಸದೆ ಮನೆಯಲ್ಲೇ ನುಂಗುವುದು. ಗರ್ಭ ನಳಿಕೆಯಲ್ಲಿ ನಿಂತಿದ್ದರೆ ಆ ಕಿಟ್ಟಿನಿಂದ ಅದು ಹೋಗುವುದಿಲ್ಲ. ನಳಿಕೆ ಒಡೆದು ಒಳಗೇ ರಕ್ತ ಹರಿದರೆ ಜೀವಕ್ಕೇ ಸಂಚಕಾರ. ಅರ್ಧಂಬರ್ಧ ಗರ್ಭಪಾತವಾಗಿ ವಾರಗಟ್ಟಲೆ ರಕ್ತ ಹೋದರೂ 'ಮುಟ್ಟು ಜಾಸ್ತಿ' ಅಂತ ಮುಚ್ಚಿಡುವವರೂ ಉಂಟು.

ಮಂಡ್ಯ ಜಿಲ್ಲೆಯವರಿಗೆ ಈ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೆಣ್ಣುಭ್ರೂಣ ಪತ್ತೆ ಮಾಡುತ್ತಿದ್ದ ಜಾಲ ಬಯಲಾದದ್ದನ್ನು ಯಾರೂ ಮರೆತಿಲ್ಲ. ಗರ್ಭಪಾತದ ಕಿಟ್ಟಿನ ಮೇಲೆ ಬಿಗಿ ಕಾವಲು ಬೇಕೇ ಬೇಕು. ಆದರೆ ಮೂರು ದಿನದೊಳಗೆ ನುಂಗುವ ತುರ್ತು ಮಾತ್ರೆಗೂ ಹೆಣ್ಣುಭ್ರೂಣ ಹತ್ಯೆಗೂ ಏನು ಸಂಬಂಧ? ಆಗಿನ್ನೂ ಭ್ರೂಣವೇ ಇರುವುದಿಲ್ಲ. ಮೂರನ್ನೂ ಒಂದೇ ಗಂಟಿಗೆ ಕಟ್ಟಿದರೆ ಬೀಗ ಬೀಳಬೇಕಾದ ಕಡೆ ಬೀಳದೆ, ಬೇಡದ ಕಡೆ ಬೀಳುತ್ತೆ.

ಆಪರೇಷನ್ ಒಂದೇ ದಾರಿಯಾ?

ಇದನ್ನೆಲ್ಲ ಯಾಕೆ ಇಷ್ಟು ಹೇಳಬೇಕಾಯ್ತು ಅಂದರೆ, ನಮ್ಮ ರಾಜ್ಯದ ಲೆಕ್ಕವೇ ಹಾಗಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳ ಸಂಖ್ಯೆ 1.7. ಚಿಕ್ಕ ಸಂಸಾರ ನಮಗೆ ಒಗ್ಗಿದೆ. ಆದರೆ ದಾರಿ ಯಾವುದು? 15ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ 57ರಷ್ಟು ಮಂದಿ ಆಪರೇಷನ್ ಮಾಡಿಸಿಕೊಂಡವರು. ಇಡೀ ದೇಶದಲ್ಲಿ ಈ ಪ್ರಮಾಣ ನೂರಕ್ಕೆ 38ರಷ್ಟು. ಗಂಡಸರ ಆಪರೇಷನ್ ಲೆಕ್ಕಕ್ಕೇ ಸಿಗದಷ್ಟು ಕಡಿಮೆ. ಮಾತ್ರೆ, ಕಾಪರ್-ಟಿ, ಕಾಂಡೋಮ್ ಎಲ್ಲ ಬಹಳ ಹಿಂದಿವೆ.

ಅಂದರೆ ನಮ್ಮ ಹೆಣ್ಣುಮಕ್ಕಳ ಬದುಕು ಸಾಮಾನ್ಯವಾಗಿ ಹೀಗೆ ಸಾಗುತ್ತೆ: ಮದುವೆ, ಬೇಗನೆ ಒಂದು ಮಗು, ಅದರ ಹಿಂದೆಯೇ ಇನ್ನೊಂದು, ಆಮೇಲೆ ಆಪರೇಷನ್. ನಡುವೆ ಅಂತರ ಇಟ್ಟುಕೊಳ್ಳುವ ದಾರಿ ಯಾರೂ ತೋರಿಸಿಲ್ಲ. ಮೊದಲ ಮಗುವಿಗೆ ಹಾಲು ಬಿಡಿಸುವ ಮುಂಚೆಯೇ ಮತ್ತೆ ಬಸುರಿಯಾದರೆ ರಕ್ತಹೀನತೆ ಯಾರಿಗೆ, ಸುಸ್ತು ಯಾರಿಗೆ? ಬಿ.ಎ. ಓದಿ ಬಿ.ಎಡ್. ಮಾಡಬೇಕು ಅಂದುಕೊಂಡ ಸೊಸೆಗೆ ಎರಡು ವರ್ಷದ ಬಿಡುವು ಅಂದರೆ ಅದು ಅವಳ ಇಡೀ ಜೀವನದ ಪ್ರಶ್ನೆ. ಅಂತರದ ಮಾತ್ರೆ ಸುಲಭವಾಗಿ, ಸರಿಯಾದ ತಿಳಿವಳಿಕೆಯ ಜೊತೆ ಸಿಗಬೇಕು ಅನ್ನೋದು ಇದಕ್ಕೇ.

ಈ ನಾಡಿಗೆ ಇದು ಹೊಸ ವಿಚಾರವೂ ಅಲ್ಲ. 1930ರಷ್ಟು ಹಿಂದೆಯೇ ಮೈಸೂರು ಸರ್ಕಾರ ತನ್ನ ದೊಡ್ಡ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರಗಳನ್ನು ತೆರೆಯಲು ಮುಂದಾಗಿತ್ತು. ಸರ್ಕಾರವೇ ಇಂಥ ಕೇಂದ್ರ ತೆರೆದದ್ದು ಜಗತ್ತಿನಲ್ಲೇ ಮೊದಲು ಎನ್ನುತ್ತಾರೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ಮಿರ್ಜಾ ಇಸ್ಮಾಯಿಲರು ದಿವಾನರು. ಮಂಡ್ಯ ಇನ್ನೂ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ, ನಮ್ಮ ತಾಲ್ಲೂಕು ಮೈಸೂರು ಜಿಲ್ಲೆಯಲ್ಲಿತ್ತು. ನಮ್ಮ ಅಜ್ಜಿಯರ ಕಾಲದಲ್ಲೇ ಸರ್ಕಾರ ಬಾಯಿಬಿಟ್ಟು ಆಡಿದ ಮಾತನ್ನು ನಾವು ಇವತ್ತೂ ಪೇಪರಿನಲ್ಲಿ ಸುತ್ತಿ ತರ್ತಿದ್ದೇವೆ!

ಹಾಗಾದರೆ ಆಗಬೇಕಾದ್ದೇನು?

ಹೊಸ ಬೀಗ ಬೇಕಿಲ್ಲ. ಇರುವ ನಿಯಮ ನಡೆದರೆ ಸಾಕು. ಭಾರತೀಯ ಫಾರ್ಮಸಿ ಪರಿಷತ್ತು 2015ರಲ್ಲಿ ತಂದ ವೃತ್ತಿ ನಿಯಮಗಳಲ್ಲಿ, ಔಷಧಿಯನ್ನು ಹೇಗೆ ಬಳಸಬೇಕೆಂದು ರೋಗಿಗೆ ತಿಳಿಸಿಕೊಡುವುದೂ ಫಾರ್ಮಸಿಸ್ಟರ ಕೆಲಸ ಅಂತಿದೆ. ಆದರೆ ಎಷ್ಟೋ ಕಡೆ ಗೋಡೆ ಮೇಲೆ ಸರ್ಟಿಫಿಕೇಟ್ ಒಬ್ಬರದು, ಕೌಂಟರಿನಲ್ಲಿ ನಿಲ್ಲುವ ಹುಡುಗ ಇನ್ನೊಬ್ಬ. ಅವನಿಗಾದರೂ ಏನು ಗೊತ್ತಿರುತ್ತೆ ಪಾಪ! ಅರ್ಹ ಫಾರ್ಮಸಿಸ್ಟ್ ಅಂಗಡಿಯಲ್ಲಿ ಇದ್ದಾರಾ ಅಂತ ಇಲಾಖೆ ನೋಡಲಿ. ಅಮೆರಿಕದ ಆ ಪ್ರಶ್ನಾವಳಿಯಂಥದ್ದೇ ಒಂದು ಪುಟ ನಮ್ಮ ಕನ್ನಡದಲ್ಲೂ ಅಚ್ಚಾಗಿ ಪ್ರತಿ ಅಂಗಡಿಯಲ್ಲೂ ಇರಲಿ. ಬಾಯಲ್ಲಿ ಹೇಳೋಕೆ ನಾಚಿಕೆ ಆಗುವವರು ಟಿಕ್ ಹಾಕಿ ಕೊಡಬಹುದು. ಬಿ.ಪಿ. ನೋಡುವ ಸಣ್ಣ ಯಂತ್ರ ಈಗ ಎಷ್ಟೋ ಮನೆಗಳಲ್ಲಿದೆ, ಅಂಗಡಿಯಲ್ಲಿ ಇಡೋದು ಕಷ್ಟವೇ? ಪೊಟ್ಟಣದೊಳಗಿನ ಸೂಚನೆ ಕನ್ನಡದಲ್ಲೂ ಇದ್ದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತೆ.

ಅಂಗಡಿ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೇ ಇವನ್ನು ತಲುಪಿಸುವ ಯೋಜನೆ 2011ರಲ್ಲಿ ಕೆಲವು ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ದೇಶಕ್ಕೆಲ್ಲ ಹರಡಿತು. ಆಗ ನಿಗದಿ ಮಾಡಿದ ಬೆಲೆ ಒಂದು ತಿಂಗಳ ಮಾತ್ರೆಗೆ ಒಂದು ರೂಪಾಯಿ, ತುರ್ತು ಮಾತ್ರೆಗೆ ಎರಡು ರೂಪಾಯಿ! ಸರ್ಕಾರಿ ಆಸ್ಪತ್ರೆಯಲ್ಲಿ ಮಾಲಾ-ಎನ್, ಛಾಯಾ, ಮೂರು ತಿಂಗಳಿಗೊಮ್ಮೆ ಹಾಕುವ 'ಅಂತರಾ' ಇಂಜೆಕ್ಷನ್ ಉಚಿತ. ನಿಮ್ಮ ವಾರ್ಡಿನ ಆಶಾ ಯಾರು ಅಂತ ಕೇಳಿ ತಿಳಿದುಕೊಳ್ಳಿ.

ಕೊಳ್ಳುವ ಮುನ್ನ ತಿಳಿದಿರಲಿ

* ಬಿ.ಪಿ. ಇರುವವರು, ಹೃದಯ ಅಥವಾ ಲಿವರ್ ತೊಂದರೆ ಇರುವವರು, ಕಣ್ಣು ಮಂಜಾಗಿ ಮಿಂಚು ಕಂಡಂತಾಗಿ ಬರುವ ಅರೆತಲೆನೋವು ಇರುವವರು, ರಕ್ತ ಹೆಪ್ಪುಗಟ್ಟಿದ ಅಥವಾ ಸ್ತನ ಕ್ಯಾನ್ಸರಿನ ಇತಿಹಾಸ ಇರುವವರು ಡಾಕ್ಟರಿಗೆ ತೋರಿಸದೆ ದಿನದ ಮಾತ್ರೆ ಶುರುಮಾಡಬೇಡಿ. 35 ದಾಟಿ ಧೂಮಪಾನ ಮಾಡುವವರಿಗೂ ಇದು ಸಲ್ಲದು.

* ಮಗುವಿಗೆ ಆರು ತಿಂಗಳು ತುಂಬುವ ತನಕ ಹಾಲು ಕುಡಿಸುವ ತಾಯಂದಿರಿಗೆ ಮಾಲಾ-ಡಿಯಂಥ ಮಾತ್ರೆ ಸೂಕ್ತವಲ್ಲ. ಛಾಯಾ ಅಥವಾ ಕಾಪರ್-ಟಿ ಬಗ್ಗೆ ಡಾಕ್ಟರ ಹತ್ತಿರ ಕೇಳಿ.

* ಟಿ.ಬಿ.ಗೆ, ಮೂರ್ಛೆರೋಗಕ್ಕೆ ಕೊಡುವ ಕೆಲವು ಔಷಧಿಗಳು ಗರ್ಭನಿರೋಧಕ ಮಾತ್ರೆಯ ಶಕ್ತಿ ಕುಂದಿಸುತ್ತವೆ. ಅಂಥ ಔಷಧಿ ತಗೊಳ್ತಿದ್ದರೆ ಮೊದಲೇ ಹೇಳಿ.

* ದಿನದ ಮಾತ್ರೆ ಒಂದು ದಿನ ಮರೆತರೆ ನೆನಪಾದ ಕೂಡಲೇ ನುಂಗಿ, ಉಳಿದವನ್ನು ಎಂದಿನಂತೆ ಮುಂದುವರಿಸಿ. ಎರಡು ಅಥವಾ ಹೆಚ್ಚು ದಿನ ಮರೆತರೆ ಮುಂದಿನ ಏಳು ದಿನ ಕಾಂಡೋಮ್ ಕೂಡ ಬಳಸಿ.

* ಛಾಯಾ ಮಾತ್ರೆಯನ್ನು ಮೊದಲ ಮೂರು ತಿಂಗಳು ವಾರಕ್ಕೆ ಎರಡು ಸಲ, ಆಮೇಲೆ ವಾರಕ್ಕೆ ಒಂದು ಸಲ ತಗೊಳ್ಳಬೇಕು. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ಮರೆಯಲ್ಲ.

* ತುರ್ತು ಮಾತ್ರೆ ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಬೇಕು. ಮುಂದಿನ ಮುಟ್ಟು ಸ್ವಲ್ಪ ಹಿಂದುಮುಂದಾಗಬಹುದು. ಒಂದು ವಾರಕ್ಕಿಂತ ತಡವಾದರೆ ಗರ್ಭಪರೀಕ್ಷೆ ಮಾಡಿಕೊಳ್ಳಿ. ಒಂದು ಮಾತ್ರೆ ಇಡೀ ತಿಂಗಳನ್ನು ಕಾಯುವುದಿಲ್ಲ.

* ತುರ್ತು ಮಾತ್ರೆ ಪದೇ ಪದೇ ಬೇಕಾಗ್ತಿದೆ ಅಂದರೆ ನಿಮಗೆ ಕಾಯಂ ವಿಧಾನ ಬೇಕು ಅಂತ ಅರ್ಥ. 72 ಗಂಟೆ ಮೀರಿದ್ದರೂ ಐದು ದಿನದೊಳಗೆ ಕಾಪರ್-ಟಿ ಹಾಕಿಸಿಕೊಂಡರೆ ಗರ್ಭ ತಡೆಯಬಹುದು.

* ಪಿಸಿಒಡಿಗೆ, ಮೊಡವೆಗೆ ಅಂತ ಪಕ್ಕದ ಮನೆಯವರಿಗೆ ಬರೆದುಕೊಟ್ಟ ಹಾರ್ಮೋನ್ ಮಾತ್ರೆಯ ಹೆಸರು ಕೇಳಿಕೊಂಡು ತರಬೇಡಿ. ಅವಕ್ಕೆ ಡಾಕ್ಟರ ಚೀಟಿ ಬೇಕು. ಪೊಟ್ಟಣದ ಮೇಲಿನ 'ಆರ್‌ಎಕ್ಸ್' ಗುರುತು ನೋಡಿ.

* ಗರ್ಭಪಾತದ ಕಿಟ್ ಯಾರು ಕೊಟ್ಟರೂ ಮನೆಯಲ್ಲಿ ನುಂಗಬೇಡಿ. ವಯಸ್ಕ ಮಹಿಳೆಗೆ ಕಾನೂನಿನ ಪ್ರಕಾರ ಗರ್ಭಪಾತಕ್ಕೆ ತನ್ನ ಒಪ್ಪಿಗೆ ಒಂದೇ ಸಾಕು, ಗಂಡನ ಸಹಿ ಕಡ್ಡಾಯವಲ್ಲ. 2021ರ ತಿದ್ದುಪಡಿಯಂತೆ ಡಾಕ್ಟರು ನಿಮ್ಮ ಹೆಸರು, ವಿವರ ಬಹಿರಂಗ ಮಾಡುವಂತಿಲ್ಲ. ಹಾಗಿರುವಾಗ ಕದ್ದು ಮುಚ್ಚಿ ಜೀವಕ್ಕೆ ಅಪಾಯ ತಂದುಕೊಳ್ಳೋದು ಯಾಕೆ?

* ಯಾವ ಮಾತ್ರೆಯೂ ಲೈಂಗಿಕ ರೋಗಗಳನ್ನು ತಡೆಯುವುದಿಲ್ಲ. ಆ ಕೆಲಸ ಕಾಂಡೋಮಿನದು ಮಾತ್ರ.

ಇನ್ನು ಮೇಲೆ ಅಂಗಡಿಗೆ ಹೋದಾಗ ಚೀಟಿ ತಳ್ಳಿ ಸುಮ್ಮನಾಗಬೇಡಿ. 'ಇದು ದಿನದ್ದಾ, ತುರ್ತಿನದ್ದಾ? ನನಗೆ ಬಿ.ಪಿ. ಇದೆ, ತಗೋಬಹುದಾ?' ಅಂತ ಎರಡು ಪ್ರಶ್ನೆ ಕೇಳಿ. ಉತ್ತರ ಕೊಡುವವರಿಲ್ಲದಿದ್ದರೆ 'ಫಾರ್ಮಸಿಸ್ಟ್ ಎಲ್ಲಿ?' ಅಂತ ಮೂರನೆಯದನ್ನೂ ಕೇಳಿ. ಹಣ ಕೊಟ್ಟು ಕೊಳ್ಳುವವರು ನಾವು, ನುಂಗುವವರೂ ನಾವೇ. ಕೇಳೋದಕ್ಕೆ ನಾಚಿಕೆ ಏಕೆ?